ನಲವತ್ತೊಂದು ತೂತು

ಕನ್ನಡಕದ ಅಂಗಡಿಯವನು ಮೊಣಕಾಲೂರಿ ಕೂತು ಎರಡನೇ ನಂಬರಿನ ಕುರ್ಚಿಯ ಹಿಂಗಾಲಿಗೆ ಎಣ್ಣೆ ಒರೆಸುತ್ತಿದ್ದ. ಹೆಂಡತಿ ಪೊರಕೆ ಹಿಡಿದು ಹಿಂದೆಯೇ ಬಂದಳು.

"ಕಾಲೆತ್ತಿ."

"ಯಾರದು, ನನ್ನದಾ, ಕುರ್ಚಿದಾ?"

"ಯಾವುದು ಮೊದಲು ಏಳುತ್ತೋ ಅದು."

ಆ ಮನೆಯಲ್ಲಿ ಒರೆಸುವುದು ಅವನ ಪಾಲು, ಗುಡಿಸುವುದು ಅವಳ ಪಾಲು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಇಬ್ಬರೂ ಈ ಗಡಿ ದಾಟಿದ್ದಿಲ್ಲ. ಅರವತ್ತು ಎಪ್ಪತ್ತು ವರ್ಷ ಹಳೆಯ, ಕೆತ್ತನೆ ಹೂಬಳ್ಳಿ ಒಂದೂ ಇಲ್ಲದ, ಸಣಕಲು ಕಾಲಿನ, ತಗ್ಗು ಬೆನ್ನಿನ ಮಾಡರ್ನ್ ಪೀಠೋಪಕರಣವೆಂದರೆ ಅವನಿಗೆ ಪ್ರಾಣ. ಮನೆಯಲ್ಲಿ ಹದಿನೇಳು ಕುರ್ಚಿಗಳಿದ್ದವು, ಕೂರಲು ಒಂದೂ ಇರಲಿಲ್ಲ. ಬಂದವರು ಸ್ವಲ್ಪ ಬಗ್ಗಿದರೂ ಸಾಕು, ಅವನ ಮುಖ ಹಲ್ಲುನೋವು ಬಂದವರಂತಾಗುತ್ತಿತ್ತು. ಹೆಂಡತಿ ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಊಟ ಮಾಡುತ್ತಿದ್ದಳು. ಅದಾದರೂ ತನ್ನದೆಂದು ಅವಳಿಗೆ ಸಮಾಧಾನ.

ಇಷ್ಟಿದ್ದೂ ಅವನಿಗೆ ಸುಖವಿರಲಿಲ್ಲ. ಅಪ್ಪ ಕೆಲಸ ಮಾಡುತ್ತಿದ್ದ ವಿಮಾ ಕಚೇರಿ ಬೇರೆ ಕಟ್ಟಡಕ್ಕೆ ಹೋದಾಗ, ಅಲ್ಲಿನ ಸೋಫಾ ಸೆಟ್ಟನ್ನು ಅಪ್ಪನೇ ಮನೆಗೆ ತಂದಿದ್ದ. ಮೂರು ಜನ ಕೂರುವ ಸೋಫಾ ಒಂದು, ಒಂಟಿ ಕುರ್ಚಿ ಎರಡು. ಅಡಿಯಲ್ಲಿ ಒಂದು, ಎರಡು, ಮೂರು ಎಂದು ನಂಬರು ಒತ್ತಿತ್ತು. ಅಪ್ಪ ಹೋದಮೇಲೆ ಕುರ್ಚಿಗಳು ಅವನಿಗೆ ಬಂದವು, ಸೋಫಾ ಅಕ್ಕನ ಪಾಲಾಯಿತು. ಆ ಒಂದನೇ ನಂಬರಿನ ಮೇಲೆ ಅಕ್ಕ ಒದ್ದೆ ಛತ್ರಿ ಒಣಗಿಸುತ್ತಿದ್ದಳು, ಬೀನ್ಸಿನ ನಾರು ತೆಗೆಯುತ್ತಿದ್ದಳು, ಮಧ್ಯಾಹ್ನ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ನೋಡಿದಾಗಲೆಲ್ಲ ತಮ್ಮ ಕರವಸ್ತ್ರ ತೆಗೆದು ಸೋಫಾದ ಕೈ ಒರೆಸುತ್ತಿದ್ದ.

ಐದು ಸಲ ಕೇಳಿದ್ದ. ಐದನೆಯ ಸಲ ಅಕ್ಕ ಬೀನ್ಸು ಕೆಳಗಿಟ್ಟು ನೇರ ಅವನ ಮುಖ ನೋಡಿದಳು.

"ಸೋಫಾ ಒಂದು ಬಿಟ್ಟು ಬೇರೆ ಏನಾದ್ರೂ ಕೇಳೋ. ನಾನು ಸತ್ತಮೇಲೂ ಅದು ನಿನ್ನ ಮನೆ ಮೆಟ್ಟಿಲು ಹತ್ತಬಾರದು. ಒಲೆಗೆ ಹಾಕು ಅಂತ ಮಗಳಿಗೆ ಹೇಳಿಟ್ಟಿದ್ದೀನಿ."

"ಒಲೆಗಾ! ಅಕ್ಕಾ, ನೀನು ಮನುಷ್ಯಳಾ?"

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಬೀನ್ಸ್ ತಗೊಂಡು ಹೋಗು."

ಅಂದೇ ಅವನು ನಿರ್ಧರಿಸಿದ. ಕಳವು ಎಂಬ ಮಾತು ಮನಸ್ಸಿನ ಹತ್ತಿರವೂ ಸುಳಿಯಲಿಲ್ಲ. ಬೆಂಕಿಯ ಬಾಯಿಂದ ಬಿಡಿಸಿ ತರುವುದು, ಅಷ್ಟೆ.

ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಊರಿನ ಸಂಗ್ರಾಹಕರ ಸಂಘಕ್ಕೆ ಅವನು ಏಳು ವರ್ಷದ ಹಿಂದೆಯೇ ಒಂದು ಕಾಗದ ಬರೆದು, ಅಂಚೆಚೀಟಿ ಅಂಟಿಸಿ, ತಾರೀಖು ಮಾತ್ರ ಖಾಲಿ ಬಿಟ್ಟು ಮೇಜಿನ ಖಾನೆಯಲ್ಲಿಟ್ಟಿದ್ದ. 'ನನ್ನ ಮೂರರ ಸೆಟ್ಟು ಪೂರ್ಣಗೊಂಡಿದೆ. ಈ ವರ್ಷದ ಪ್ರದರ್ಶನದ ನಡುಭಾಗದಲ್ಲಿ ಅದಕ್ಕೆ ಸ್ಥಾನ ಕೊಡಬೇಕು. ಪರೀಕ್ಷಕರು ಬಂದು ಯಾವ ಕಾಲನ್ನು ಬೇಕಾದರೂ ಎತ್ತಿ ನೋಡಬಹುದು. ಬ್ಯಾಟರಿ ತರಲು ಮರೆಯದಿರಿ.' ಪರೀಕ್ಷಕರ ಮುಖ್ಯಸ್ಥರು ಹಲ್ಲಿನ ಡಾಕ್ಟರು. ಹಿಂದೊಮ್ಮೆ ಅವರ ಬೀರುವಿನಲ್ಲಿ ಮರ ಕೊರೆಯುವ ಜೀವಂತ ಹುಳು ಸಿಕ್ಕಿತೆಂದು ಅವರನ್ನು ಎರಡು ವರ್ಷ ಸಂಘದಿಂದ ಹೊರಗಿಟ್ಟು, ಮನೆಯ ಮರದ ಸಾಮಾನನ್ನೆಲ್ಲ ಅಂಗಳದಲ್ಲಿ ಸುಡಿಸಿದ್ದರು. ಆ ನಿಯಮ ಬರೆದವನು, ಬೆಂಕಿ ಕಡ್ಡಿ ಗೀರಿದವನು ಕನ್ನಡಕದವನೇ. ಡಾಕ್ಟರು ಈಗ ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದೇ ಎಲ್ಲರ ಮನೆಗೆ ಬರುತ್ತಾರೆ, ಅವನ ಮನೆಗೆ ಬರುವ ದಿನಕ್ಕೆ ಕಾಯುತ್ತಿದ್ದಾರೆ.

ಉಪಾಯ ಹೊಳೆದದ್ದು ಅಂಗಡಿಯಲ್ಲಿ. ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗಿದ್ದ ಹಲಗೆಯ ದೊಡ್ಡಕ್ಷರವನ್ನು ಅವಳು ಆನೆಯಾ ಎಂದು ಕೇಳಿದಳು. ಪೊರೆ ತೆಗೆದಮೇಲೆ ಜಗತ್ತೆಲ್ಲ ಹೊಸ ಬಣ್ಣದಲ್ಲಿ ಕಾಣುತ್ತದೆ. ಆಗ ಸೋಫಾ ಒಂದು ಬೇರೆಯಾಗಿ ಕಂಡರೆ ಯಾರು ಅನುಮಾನ ಪಡುತ್ತಾರೆ?

ಅಂದಿನಿಂದ ಅಕ್ಕನ ಕಣ್ಣಿನ ಬಗ್ಗೆ ಅವನ ಕಾಳಜಿ ಹೇಳತೀರದು. ತಾನೇ ಆಸ್ಪತ್ರೆಗೆ ಓಡಾಡಿದ, ತಾನೇ ದಿನ ಗೊತ್ತು ಮಾಡಿದ. ಇಂಥ ತಮ್ಮನನ್ನು ಪಡೆಯಲು ಪುಣ್ಯ ಮಾಡಿರಬೇಕೆಂದು ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡಳು.

ಪ್ರತಿ ಭಾನುವಾರ ಸಂಜೆ ಅವನು ಅಕ್ಕನ ಸೋಫಾದ ಮೇಲೆ ನಿದ್ದೆ ಬಂದವನಂತೆ ಹೊರಳಾಡಿ ಗೇಣಿನಲ್ಲಿ ಅಳತೆ ತೆಗೆದ. ಅಕ್ಕ ಚಹಾ ಮಾಡಲು ಒಳಗೆ ಹೋದಾಗ ಕಾಲುಗಳಿಗೆ ತೆಳು ಕಾಗದ ಸುತ್ತಿ ಹುಳು ಕೊರೆದ ತೂತುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ. ಒಟ್ಟು ನಲವತ್ತೊಂದು. ಹುಳು ಎಂದೋ ಸತ್ತು ಅದರ ಮೊಮ್ಮಕ್ಕಳೂ ಸತ್ತಿರಬೇಕು, ಇಲ್ಲದಿದ್ದರೆ ಅಕ್ಕನ ಮನೆಯ ನೆಲ ಇಷ್ಟು ಚೊಕ್ಕವಾಗಿರುತ್ತಿತ್ತೇ? ಅವನಿಗೆ ಆ ತೂತುಗಳು ಅಜ್ಜಿಯ ಕೆನ್ನೆಯ ಸುಕ್ಕಿನಂತೆ ಮುದ್ದಾಗಿ ಕಂಡವು.

ಅವನು ಗೊತ್ತು ಮಾಡಿದ ಬಡಗಿ ಹಳೆಯ ಬಾಗಿಲಿನ ತೇಗ ತಂದು ಸೋಫಾದ ತದ್ರೂಪು ಕಟ್ಟಿದ. ತೂತಿನ ಕಾಗದ ಬಿಡಿಸಿದಾಗ ಮಾತ್ರ ಅವನಿಗೆ ತಡೆಯಲಾಗಲಿಲ್ಲ.

"ಅಲ್ಲ ಸ್ವಾಮಿ, ಹುಳ ಪುಕ್ಕಟೆ ಮಾಡೋ ಕೆಲಸಾನ ನನ್ನ ಕೈಲಿ ಕೂಲಿ ಕೊಟ್ಟು ಮಾಡಿಸ್ತಿದ್ದೀರಲ್ಲ!"

"ನಲವತ್ತೊಂದು. ಒಂದು ಹೆಚ್ಚಾಗಬಾರದು, ಒಂದು ಕಮ್ಮಿ ಆಗಬಾರದು."

"ಹುಳಾನೂ ಎಣಿಸಿ ಕೊರೆದಿರಲ್ಲ ಬಿಡಿ."

ಎಡಗಡೆ ಅಕ್ಕ ಕೂತು ಕೂತು ಮೆತ್ತೆಯಲ್ಲಿ ಒಂದು ಹಳ್ಳ ಬಿದ್ದಿತ್ತು. ಅದಕ್ಕಾಗಿ ಅಕ್ಕನಷ್ಟೇ ತೂಕದ, ಬಡಗಿಯ ಅತ್ತೆಯನ್ನು ಹದಿನೈದು ದಿನ ಹೊಸ ಸೋಫಾದ ಎಡಗಡೆ ಕೂರಿಸಲಾಯಿತು. ಆಕೆ ಒಂದು ಸ್ವೆಟರ್ ಹೆಣೆದು ಮುಗಿಸಿದಳು. ಚಹಾದ ಮೂರು ಕಲೆಗಳನ್ನು ಅವನೇ ಬಟ್ಟಲು ಬಗ್ಗಿಸಿ ಚೆಲ್ಲಿದ, ಮೂರನೆಯದು ಸರಿಯಾದ ಆಕಾರಕ್ಕೆ ಬರಲು ಐದು ಲೋಟ ಚಹಾ ಬೇಕಾಯಿತು. ಬಲಗಾಲಿನ ಕಿರುಗುಟ್ಟುವ ಸದ್ದನ್ನು ಕೂಡ ಮರೆಯಲಿಲ್ಲ.

ಆಪರೇಷನ್ ಆಗಿ ಅಕ್ಕ ಒಂದು ವಾರ ಮಗಳ ಮನೆಯಲ್ಲಿ ಉಳಿದಳು. ಗಿಡಕ್ಕೆ ನೀರು ಹಾಕಲು ಬೀಗದ ಕೈ ತಮ್ಮನ ಹತ್ತಿರ. ಬೀದಿಯವರೆಲ್ಲ ಕೆಲಸಕ್ಕೆ ಹೋದ ಹನ್ನೆರಡು ಗಂಟೆಗೆ ಬಡಗಿಯ ವ್ಯಾನು ಬಂತು. ಒಂದು ಸೋಫಾ ಒಳಗೆ ಹೋಯಿತು, ಒಂದು ಹೊರಗೆ ಬಂತು. ನೋಡಿದ್ದು ಕಾಂಪೌಂಡಿನ ಮೇಲಿನ ಬೆಕ್ಕು ಮಾತ್ರ. ಅವನು ಗಿಡಕ್ಕೆ ನೀರನ್ನೂ ಹಾಕಿಯೇ ಹೊರಟ, ಆ ವಿಷಯದಲ್ಲಿ ಅವನದು ಶುದ್ಧ ಮನಸ್ಸು.

ತನ್ನ ಮನೆಯಲ್ಲಿ ಒಂದನೇ ನಂಬರನ್ನು ಎರಡು ಮತ್ತು ಮೂರರ ನಡುವೆ ಇಟ್ಟು ಅವನು ಎರಡು ಹೆಜ್ಜೆ ಹಿಂದೆ ಸರಿದು ಕಣ್ತುಂಬ ನೋಡಿದ. ಮಂಡಿನೋವಿನ ಅಕ್ಕ ಮೂರು ಮಹಡಿ ಹತ್ತಿ ಬಂದು ಆರು ವರ್ಷವಾಗಿತ್ತು, ಇನ್ನು ಬರುವುದಿಲ್ಲ.

"ನಿಮ್ಮಕ್ಕ ಕೊಟ್ರಾ?" ಎಂದಳು ಹೆಂಡತಿ.

"ಪಾಪ, ಮನಸ್ಸು ಕರಗಿತು."

ಅಕ್ಕ ಮಗಳ ಮನೆಯಿಂದ ತನ್ನ ಮನೆಗೆ ವಾಪಸಾದ ದಿನ ಅವನು ಬಾಗಿಲ ಬಳಿಯೇ ನಿಂತಿದ್ದ. ಅಕ್ಕ ಹಳ್ಳದಲ್ಲಿ ಕೂತಳು, ಎರಡು ಸಲ ಅಲ್ಲಾಡಿದಳು. ಸೋಫಾ ಕಿರುಗುಟ್ಟಿತು.

"ಯಾಕೋ ಎಲ್ಲ ಬೇರೆ ಥರಾನೇ ಕಾಣ್ತಿದೆ ಕಣೋ."

"ಕಣ್ಣು ಬೇರೆ ಆಗಿದೆಯಲ್ಲ ಅಕ್ಕ."

"ಅದೂ ಹೌದು. ನಿನಗೆ ಇಷ್ಟು ವಯಸ್ಸಾಗಿದೆ ಅಂತಾನೂ ಗೊತ್ತಿರಲಿಲ್ಲ ನೋಡು."

ಆದರೂ ಅವನು ದುಡುಕಲಿಲ್ಲ. ಕಣ್ಣು ಪೂರ್ತಿ ಸರಿಹೋಗಿ, ಆಗಲೂ ಅಕ್ಕ ಏನೂ ಕಂಡುಹಿಡಿಯದಿದ್ದರೆ ಕಾಗದ ಹಾಕುವುದು ಎಂದು ಮೂರು ವಾರ ಕಾದ. ಈ ನಡುವೆ ಹೆಂಡತಿಯದು ಒಂದೇ ರಗಳೆ. ಹೊಸದಾಗಿ ಬಂದ ಸೋಫಾದ ಕೆಳಗೆ ದಿನಾ ಬೆಳಿಗ್ಗೆ ಎಂಥದೋ ಪುಡಿ ಬಿದ್ದಿರುತ್ತದಂತೆ, ಮುಖಕ್ಕೆ ಹಾಕುವ ಪೌಡರಿನಷ್ಟು ನುಣ್ಣಗೆ.

"ಹಾಗಾದ್ರೆ ಅದೇ ಇರ್ಬೇಕು. ಸ್ವಲ್ಪ ಕಮ್ಮಿ ಬಳ್ಕೊ," ಎಂದ ಪೇಪರಿನಿಂದ ತಲೆ ಎತ್ತದೆ.

"ಇವತ್ತು ಎರಡನೇ ನಂಬರಿನ ಕೆಳಗೂ ಇತ್ತು. ಅಲ್ಲೂ ಹೋಗಿ ಬಳ್ಕೊಂಡೆ ಅನ್ನಿ," ಎಂದು ಅವಳು ಮೊರದಲ್ಲಿದ್ದುದನ್ನು ಕಸದ ಡಬ್ಬಿಗೆ ಸುರಿದಳು. ಅವನು ಪೇಪರು ಮಡಿಸಿ ಏಳುವ ಹೊತ್ತಿಗೆ ನೆಲ ಎಂದಿನಂತೆ ಫಳಫಳ ಎನ್ನುತ್ತಿತ್ತು.

ಆವತ್ತೇ ಅಕ್ಕನ ಕೊನೆಯ ತಪಾಸಣೆ. ಕಣ್ಣು ಹದ್ದಿನ ಹಾಗಿದೆ ಎಂದರು ಕಣ್ಣಿನ ಡಾಕ್ಟರು. ಅಕ್ಕ ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತ, ಅದರಲ್ಲಿನ ತಪ್ಪು ತಿದ್ದುತ್ತ ನಡೆದಳು. ಆಸ್ಪತ್ರೆಯ ಗೇಟಿನ ಬಳಿ ಕೆಂಪು ಅಂಚೆ ಡಬ್ಬಿಯಿತ್ತು. ಅವನು ಜೇಬಿನಿಂದ ಏಳು ವರ್ಷದ ಕಾಗದ ತೆಗೆದು, ಡಬ್ಬಿಯ ಮೇಲಿಟ್ಟು ತಾರೀಖು ತುಂಬಿದ, ಲಕೋಟೆ ಅಂಟಿಸಿದ, ಅದರ ಅರ್ಧವನ್ನು ಬಾಯೊಳಗೆ ತೂರಿಸಿದ.

"ಲೋ, ಒಂದು ಮಾತು ಹೇಳ್ಬೇಕು," ಎಂದಳು ಅಕ್ಕ. "ಆ ಸೋಫಾ ನೀನೇ ತಗೊಂಡು ಹೋಗು. ಇಷ್ಟು ವರ್ಷ ಯಾಕೆ ಕೊಡ್ಲಿಲ್ಲ ಗೊತ್ತಾ? ಅದಕ್ಕೆ ಹುಳ ಹಿಡಿದಿತ್ತು ಕಣೋ, ಜೀವ ಇರೋ ಹುಳ. ದಿನಾ ಬೆಳಿಗ್ಗೆ ಕೆಳಗೆ ಒಂದು ಚಮಚ ಹಿಟ್ಟು. ನಿನ್ನ ಮನೆಗೆ ಬಂದ್ರೆ ಹದಿನೇಳು ಕುರ್ಚೀನೂ ತಿಂದು ಹಾಕುತ್ತೆ ಅಂತ ಹೆದರಿಕೆ. ಹೇಳಿದ್ರೆ ನಿನ್ನ ಎದೆ ಒಡೆಯುತ್ತೆ ಅಂತ ನೀನು ಬರೋಕೆ ಮುಂಚೆ ಗುಡಿಸಿಡ್ತಿದ್ದೆ. ಕಣ್ಣು ಕಾಣದಿದ್ದಾಗ್ಲೂ ಬೆರಳಲ್ಲಿ ತಡವಿ ಗುಡಿಸ್ತಿದ್ದೆ. ಆಪರೇಷನ್ ಆಗಿ ಬಂದಾಗಿಂದ ದಿನಾ ನೋಡ್ತಿದ್ದೀನಿ, ಒಂದು ಚಿಟಿಕೆ ಇಲ್ಲ! ಎಲ್ಲ ಸತ್ತಿರ್ಬೇಕು. ಅಲ್ಲ, ಪೊರಕೆ ಹಿಡಿದೋರಿಗೆ ಗೊತ್ತಾಗೋ ವಿಷಯ ಇದು, ನಿನಗೆಲ್ಲಿ ಗೊತ್ತಾಗ್ಬೇಕು." ಇಪ್ಪತ್ತೆಂಟು ವರ್ಷಗಳಲ್ಲಿ ಒಂದು ದಿನವೂ ಪೊರಕೆ ಮುಟ್ಟದ ಅವನ ಕಣ್ಣ ಮುಂದೆ ಹೆಂಡತಿಯ ಮೊರ, ಅದರೊಳಗಿನ ನುಣುಪಾದ ಪುಡಿ, ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ ಒಂದರ ಹಿಂದೊಂದು ಬಂದು ನಿಂತವು. ಬೆರಳುಗಳು ತಾವಾಗಿ ಸಡಿಲವಾದವು. ಡಬ್ಬಿಯೊಳಗೆ ಟಪ್ಪೆಂದಿತು. ಅವನು ಮೊಣಕೈವರೆಗೆ ಕೈ ತೂರಿಸಲು ಒದ್ದಾಡುತ್ತಿದ್ದಾಗ ಅಕ್ಕ ತನ್ನ ಹೊಸ ಕಣ್ಣಿನಿಂದ ಡಬ್ಬಿಯ ಮೇಲಿನ ಬರಹವನ್ನು ನಿಧಾನವಾಗಿ ಓದಿದಳು, ಬೀದಿಯ ತುದಿಯಲ್ಲಿ ಚೀಲ ಹೊತ್ತು ಬರುತ್ತಿದ್ದ ಅಂಚೆಯವನನ್ನು ನೋಡಿದಳು. "ಬಿತ್ತು ಬಿಡೋ, ನನಗೂ ಕೇಳಿಸ್ತು. ಇನ್ನೈದು ನಿಮಿಷಕ್ಕೆ ತಗೊಂಡು ಹೋಗ್ತಾರೆ, ನಾಳೇನೇ ಸೇರುತ್ತೆ. ಕೈ ತೆಗಿ."