ಹಾಡುವ ಯಂತ್ರದ ಕಾರ್ಡುಗಳು

ಪೆಟ್ಟಿಗೆ ಬರಿದಾಗಿತ್ತು!

ಬೋಡಿನ್ ಬೀರುವಿನ ಮುಂದೆ ಕಲ್ಲಾಗಿ ನಿಂತ. ಮಿನೆಸೋಟಾದ ಆ ವಿಶ್ವವಿದ್ಯಾಲಯದ ದೈತ್ಯ ಕಂಪ್ಯೂಟರನ್ನು ಹದಿನಾಲ್ಕು ವರ್ಷ ನಡೆಸಿದವನು ಅವನು. ನಾಳೆ ಅದನ್ನು ಬಿಚ್ಚಿ ಒಯ್ಯುತ್ತಾರೆ. ಇಂದು ನಾಲ್ಕಕ್ಕೆ ಬೀಳ್ಕೊಡುಗೆ. ಅದರ ಪ್ರಿಂಟರು ಕೊನೆಯ ಸಲ ಹಾಡಬೇಕು. ಹೌದು, ಹಾಡಬೇಕು! ತೀರಿಹೋದ ಗೆಳೆಯ ಲೈಲ್‌ನ ಪ್ರೋಗ್ರಾಂ ಹಾಕಿದರೆ ಪ್ರಿಂಟರಿನ ಸುತ್ತಿಗೆಗಳ ಬಡಿತವೇ ರಾಗವಾಗುತ್ತಿತ್ತು. ಆ ಪ್ರೋಗ್ರಾಮನ್ನು ತೂತುಗಳಲ್ಲಿ ಬರೆದಿಟ್ಟಿದ್ದ ಮುನ್ನೂರು ಕಾರ್ಡುಗಳೇ ಈಗ ಮಾಯ!

ಬೀರುವಿನ ಕೀಲಿಕೈ ಅವನಲ್ಲದೆ ಇನ್ನೂ ಮೂವರ ಬಳಿಯಿತ್ತು.

"ನಾನ್ಯಾಕೆ ಕದೀಲಿ?" ನಿರ್ದೇಶಕ ಕೆಂಪ್ಟನ್ ಸಿಡುಕಿದರು. "ಆ ಗಲಾಟೆ ಕೇಳಿ ಕೇಳಿ ತಲೆ ಚಿಟ್ಟುಹಿಡಿದಿದೆ, ನಿಜ. ಆದ್ರೆ ಇವತ್ತು ಊರೋರನ್ನೆಲ್ಲ ಕರೆದಿರೋನು ನಾನೇ ಕಣಯ್ಯ. ಹುಡುಕು!"

ಸಂಶೋಧನಾ ವಿದ್ಯಾರ್ಥಿ ವೆಂಡೆಲ್ ಎರಡೂ ಕೈ ಎತ್ತಿದ. "ಕದ್ದಿದ್ದೀನಿ ಬೋಡಿನ್ ಅವ್ರೇ—ಯಂತ್ರದ ಟೈಮನ್ನ! ಕಾರ್ಡು ಮುಟ್ಟಿಲ್ಲ."

"ಪ್ರೋಗ್ರಾಮಿನಲ್ಲಿ ಒಂದು ಅಲ್ಪವಿರಾಮ ತಪ್ಪಿಸಿ ಪ್ರಿಂಟರಿನಿಂದ ಮೂಟೆಗಟ್ಟಲೆ ಕಾಗದ ಉಗುಳಿಸಿದ್ದೀಯ," ಬೋಡಿನ್ ಗದರಿದ. " ಹೋಗತ್ಲಾಗೆ!"

ಮೂರನೆಯವಳು ಇಂಗ್ರಿಡ್, ಎಲ್ಲರ ಕಾರ್ಡುಗಳನ್ನೂ ತಯಾರಿಸಿ ಪರೀಕ್ಷಿಸುವವಳು. ಕಾರ್ಡುಗಳಿಗೆ ತೂತು ಹಾಕುವ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು.

"ಸಿಕ್ತಾ?" ತಲೆಯೆತ್ತದೆ ಕೇಳಿದಳು.

ಬೋಡಿನ್ ಯಂತ್ರದಡಿಯ ತೊಟ್ಟಿಯನ್ನೇ ದಿಟ್ಟಿಸಿದ. ತೂತು ಹಾಕುವಾಗ ಉದುರುವ ಕಾಗದದ ಚೂರುಗಳಿಂದ ಅದು ತುಂಬಿತ್ತು.

"ಇಂಗ್ರಿಡ್, ಸೋಮವಾರ ಇದನ್ನ ಖಾಲಿ ಮಾಡಿದ್ದು ನಾನೇ. ಆಮೇಲೆ ಇಲ್ಲಿ ಕೆಲಸವೇ ಇಲ್ಲ. ಮತ್ತೆ ಇಷ್ಟು ಚೂರು ಎಲ್ಲಿಂದ? ಯಾರೋ ಹೊಸ ಕಾರ್ಡುಗಳಿಗೆ ತೂತು ಹಾಕಿದ್ದಾರೆ. ಎಲ್ಲರೂ ಬೀರು ನೋಡಿದ್ವಿ, ತೊಟ್ಟಿ ಯಾರೂ ನೋಡ್ಲಿಲ್ಲ. ಕಳ್ಳ ಎತ್ಕೊಂಡು ಹೋಗ್ತಾನೆ. ಕೂತು ನಕಲು ಮಾಡಲ್ಲ. ತೆಗೆದಿದ್ದು ನೀವೇ—ಅಲ್ವಾ?"

ಅವಳು ಡ್ರಾಯರು ಎಳೆದು ಕಾರ್ಡುಗಳನ್ನು ಹೊರಗಿಟ್ಟಳು.

"ನೆನಪಿಗೆ ಒಂದು ನಕಲು ಬೇಕಿತ್ತು, ಅಷ್ಟೇ. ಅಸಲನ್ನ ವಾಪಸ್ ಇಡೋಳಿದ್ದೆ. ಅಷ್ಟರಲ್ಲಿ ಒಂದು ಕಾರ್ಡು ಕೈಜಾರಿ ಮಗುಚಿ ಬಿತ್ತು..."

ಕಾರ್ಡಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಲೈಲ್‌ನ ಅಕ್ಷರ: 'ಇಂಗ್ರಿಡ್, ಶನಿವಾರದ ಹೊತ್ತಿಗೆ ಸರೋವರ ಹೆಪ್ಪುಗಟ್ಟಿರುತ್ತೆ. ನನ್ನ ಜೊತೆ ಸ್ಕೇಟಿಂಗಿಗೆ ಬರ್ತೀರಾ?'

"ಹನ್ನೊಂದು ವರ್ಷ ಆಯ್ತು, ಬೋಡಿನ್! ಈ ಕಾರ್ಡು ತಿದ್ದಿ ತಂದುಕೊಟ್ಟು ಅದೋ, ಆ ಬಾಗಿಲಲ್ಲೇ ನಿಂತಿದ್ದ. ನಾನು ಬೆನ್ನು ತಿರುಗಿಸದೆ ತೂತು ಮಾತ್ರ ನೋಡಿ, 'ಸರಿಯಿದೆ, ಹೋಗಿ' ಅಂದೆ. ನಕ್ಕು ಹೋದ. ಮತ್ತೆ ಕೇಳಲೇ ಇಲ್ಲ."

ಬೋಡಿನ್ ಆ ಕಾರ್ಡನ್ನು ಅವಳತ್ತ ಸರಿಸಿದ.

"ಯಂತ್ರಕ್ಕೆ ನಕಲೇ ಸಾಕು," ಎಂದ. "ಅಸಲು ನಿಮ್ಮದು. ನಕಲು ಮಾಡೋಕೆ ಇನ್ನೂ ಎಷ್ಟು ಬಾಕಿ ಇದೆ?"

"ಅರವತ್ತು. ಅದನ್ನ ಓದಿದ್ಮೇಲೆ ಕೈಯೇ ಓಡ್ಲಿಲ್ಲ."

ಅವನು ಕೋಟು ಕಳಚಿ, ಅವಳನ್ನು ಎಬ್ಬಿಸಿ ಅವಳ ಕುರ್ಚಿಯಲ್ಲಿ ಕೂತ. ಅವಳು ಒಂದೊಂದೇ ಕಾರ್ಡು ಕೊಡುತ್ತ ಹೋದಳು. ಕೊಡುವ ಮುನ್ನ ಪ್ರತಿಯೊಂದರ ಬೆನ್ನನ್ನೂ ತಿರುಗಿಸಿ ನೋಡುತ್ತಿದ್ದಳು.