ಓಕ್ ಕಾಯಿ ಕುಡಿದ ನೀರು

ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಜ್ವರ ನೆತ್ತಿಗೇರಿ ನಮ್ಮ ಮಗಳು ನೀಲಾ, ನಾವಿರುವ ಪರದೇಶದ ಊರು ಆಲ್ಮೆರೆಯ ಆಸ್ಪತ್ರೆಯಲ್ಲಿ, ಎಚ್ಚರವಿಲ್ಲದೆ ಮಲಗಿ ಒಂಬತ್ತು ದಿನವಾಗಿತ್ತು. ಬಟ್ಟೆ ಒಯ್ಯಲೆಂದು ನಾನೊಬ್ಬಳೇ ಮನೆಗೆ ಬಂದೆ. ಕಾಯಿಲೆಗೆ ಮುಂಚೆ ಅವಳು ಪಾರ್ಕಿನಿಂದ ಓಕ್ ಮರದ ಕಾಯಿಯೊಂದನ್ನು ಆರಿಸಿ ತಂದು, ನೀರು ತುಂಬಿದ ಗ್ಲಾಸಿನ ಬಾಯಿಗೆ ಕೂರಿಸಿ, ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದಳು. ಬೆರಳುದ್ದ ಬೇರು ಇಳಿದಿತ್ತು. ನೀರು ತಳ ಮುಟ್ಟಿತ್ತು. ಮಗಳು ನೆಟ್ಟದ್ದು ಒಣಗಬಾರದೆಂದು ನಲ್ಲಿಯ ತಣ್ಣೀರು ತುಂಬಿದೆ. ಕೈ ಒರೆಸಿಕೊಳ್ಳುವಷ್ಟರಲ್ಲಿ ಗ್ಲಾಸು ಜ್ವರ ಬಂದ ಹಣೆಯ ಹಾಗೆ ಬೆಚ್ಚಗಾಗಿತ್ತು.

ಆಗಲೇ ಆಸ್ಪತ್ರೆಯಿಂದ ಗಂಡ ಬಸವಪ್ರಭು ಫೋನ್ ಮಾಡಿದರು.

“ನೀಲಾ ಏನೋ ನುಂಗಾಕತ್ತಾಳ! ಯಾರೂ ಕುಡಿಸಿಲ್ಲ, ತುಟಿ ತೊಯ್ದಾವ. ಏನು ಕುಡಿಸಿದ್ರಿ ಅಂತ ನರ್ಸ್ ನನ್ನೇ ಕೇಳಾಕತ್ತಾಳ. ನೀ ಲಗೂನ ಬಾ.”

ಫೋನ್ ಕಿವಿಗಿಟ್ಟುಕೊಂಡೇ ಬಾಗಿಲತನಕ ಹೋದೆ.

“ಏ, ಉಸಿರು ಸಣ್ಣ ಆಗಾಕತ್ತೈತಿ!” ಎಂದು ಅವರು ಚೀರಿದರು.

ಬೆಚ್ಚಗಾಗಿದ್ದ ಗ್ಲಾಸು ನೆನಪಾಗಿ ಅಡುಗೆಮನೆಗೆ ಓಡಿ ಬಂದು ನೋಡಿದರೆ ಅದು ಬರಿದಾಗಿತ್ತು. ನೀರು ಸುರಿದೆ. ಅತ್ತ ಉಸಿರು ಸರಿಹೋಯಿತು.

ಆಮೇಲೆ ನಾನು ಆ ಕಿಟಕಿ ಬಿಟ್ಟು ಕದಲಲಿಲ್ಲ. ಮಗಳ ಮುಖ ನೋಡಬೇಕೆಂದು ಕರುಳು ಕಿತ್ತುಬರುತ್ತಿತ್ತು. ಆದರೂ ಮೂರು ದಿನ ಅಲ್ಲೇ ಕೂತು ನೀರು ತುಂಬಿದೆ. ನಾಲ್ಕನೆಯ ದಿನ ಬೆಳಿಗ್ಗೆ ಕಾಯಿ ಬಿರಿದು ಕೆಂಪು ಕುಡಿಯೊಂದು ಮೇಲೆದ್ದಿತು. ಅದೇ ಹೊತ್ತಿಗೆ ಫೋನಿನಲ್ಲಿ ನೀಲಾಳ ದನಿ ಕೇಳಿತು.

“ಅವ್ವಾ, ನನಗ ಸಾಕು. ನಿನ್ನ ಹಿಂದ ನಿಂತಾರಲ್ಲ, ಅವ್ರಿಗೂ ಸ್ವಲ್ಪ ನೀರು ಕೊಡು.”

ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆದರೂ ಇನ್ನೊಂದು ಗ್ಲಾಸು ತುಂಬಿ ಮೇಜಿನ ಮೇಲಿಟ್ಟೆ. ಆಸ್ಪತ್ರೆಗೆ ಹೊರಡಲು ಕೋಟು ಹಾಕಿಕೊಂಡು ಬರುವಷ್ಟರಲ್ಲಿ ಅದು ಖಾಲಿಯಾಗಿತ್ತು.