ಕೊಳದ ದಂಡೆಯಲ್ಲಿ ಬಿದ್ದ ಏಟು

"ಆ ಉಳಿ ಕೆಳಗಿಡಿ! ಈಗಲೇ ಕೆಳಗಿಡಿ!"

ಸಂಘಮಿತ್ರಾಳ ಕೂಗಿಗೆ ಆತ ತಲೆ ಕೂಡ ಎತ್ತಲಿಲ್ಲ. ಕೊಳದ ಗೋಡೆಗೆ ಉಳಿ ಆನಿಸಿ ಸುತ್ತಿಗೆ ಎತ್ತಿದ.

ನಾಲ್ಕು ದಿನದ ಸಿಮೆಂಟು! ಅವಳೂ ಅವಳ ಅಪ್ಪನೂ ಉರಿಬಿಸಿಲಲ್ಲಿ ನಿಂತು ಕಟ್ಟಿದ ಗೋಡೆ...

ಅವಳು ಓಡಿಬಂದು ಎರಡೂ ಕೈಗಳಿಂದ ಅವನನ್ನು ನೂಕಿಬಿಟ್ಟಳು. ಆತ ಮುಗ್ಗರಿಸಿ ಖಾಲಿ ಕೊಳದೊಳಗೆ ಧಡ್ಡನೆ ಬಿದ್ದ. ಎದ್ದು ಕೂತಾಗ ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಯಾರ್ರೀ ನೀವು? ನನ್ನ ಕೆಲಸದ ಮೇಲೆ ಕೈ ಇಡೋಕೆ?"

"ಈ ಮನೆ ಎರಡನೇ ಮಗ, ರಜನೀಶ್. ಪಂಪು ಕೂರಿಸೋನೂ ನಾನೇ. ಪೈಪಿಗೆ ತೂತು ಬೇಕಲ್ಲ ಮೇಡಂ?"

"ತೂತು ಆ ಮೂಲೇಲಿ ಬಿಟ್ಟಿದೀನಿ. ಕಣ್ಣಿಲ್ವಾ?"

ಆತ ತಿರುಗಿ ನೋಡಿದ. ನಿಜ, ಮೂಲೆಯಲ್ಲಿ ಪೈಪಿನ ಬಾಯಿ ಕಾಣುತ್ತಿತ್ತು.

"ಇತ್ತು. ಈಗ ಒಂದು ಕಣ್ಣಿಗೆ ರಕ್ತ ಇಳಿದು ಕಾಣ್ತಿಲ್ಲ," ಎಂದು ನಕ್ಕ.

ನಗುವಂಥದ್ದೇನಿದೆ ಇದರಲ್ಲಿ? ಸಂಘಮಿತ್ರಾಳಿಗೆ ಸಿಟ್ಟು ಏರಿತು. ಜೊತೆಗೆ ಎದೆಯಲ್ಲಿ ಮತ್ತೇನೋ ಅಲುಗಿತು. ಆ ಇನ್ನೊಂದಕ್ಕೆ ಅವಳು ಹೆಸರಿಡಲಿಲ್ಲ.

ಅವಳ ಅಪ್ಪ ಶಿವಯ್ಯ ತನ್ನ ಹೆಗಲ ಮೇಲಿನ ಟವೆಲ್ಲನ್ನು ನೀರಲ್ಲಿ ಅದ್ದಿ ಆತನಿಗೆ ಕೊಟ್ಟ. "ನಮ್ಮುಡ್ಗಿಗೆ ಕ್ವಾಪ ಜಾಸ್ತಿ ಸಾ. ಕೈ ಮುಂದಾಯ್ತದೆ. ತಪ್ಪು ತಿಳ್ಕಬ್ಯಾಡಿ."

ಅದು ಚನ್ನರಾಯಪಟ್ಟಣದ ನೀಲಾಂಬಿಕೆಯವರ ಮನೆಯ ಹಿತ್ತಿಲು. ಎಪ್ಪತ್ತು ತುಂಬುತ್ತಿದ್ದ ಆ ತಾಯಿಗೆ ಮಂಡಿ ಹಿಡಿದುಕೊಂಡು ಬೀದಿಗಿಳಿಯುವುದೇ ನಿಂತುಹೋಗಿತ್ತು. ಒಂದು ಕಾಲಕ್ಕೆ ದಿನಾ ಸಂಜೆ ಕೆರೆ ಏರಿಯ ಮೇಲೆ ನಡೆದವರು. ನೀರಿನ ಸದ್ದು ಕೇಳದೆ ನಿದ್ದೆಯೇ ಬರುತ್ತಿಲ್ಲ ಎಂದು ಚಿಕ್ಕ ಮಗ ರಜನೀಶನ ಹತ್ತಿರ ಹೇಳಿಕೊಂಡಿದ್ದರು. ಕೊಬ್ಬರಿ ಮಂಡಿಯನ್ನೂ ಮನೆಯನ್ನೂ ನಡೆಸುತ್ತಿದ್ದ ದೊಡ್ಡ ಮಗ ಮಂಜುನಾಥ ಹಿತ್ತಿಲಲ್ಲಿ ಕೊಳ ಕಟ್ಟಿಸಲು ಒಲ್ಲದ ಮನಸ್ಸಿನಿಂದ ಒಪ್ಪಿದ. ಹಾಗೆ ಬಂದವಳು ಅರಕಲಗೂಡಿನ ಸಂಘಮಿತ್ರಾ. ಹಾಸನದಲ್ಲಿ ಬಿ.ಎಸ್‌ಸಿ. ಮುಗಿಸಿ, ಕಲ್ಲು ಕೆಲಸದ ಅಪ್ಪನನ್ನು ಜೊತೆಗಿಟ್ಟುಕೊಂಡು ಮನೆಗಳ ಹಿತ್ತಿಲಲ್ಲಿ ಮೀನಿನ ಕೊಳ ಕಟ್ಟುವ ಹುಡುಗಿ.

ಮರುದಿನವೂ ರಜನೀಶ್ ಬಂದ, ಹಣೆಗೆ ಪಟ್ಟಿ ಹಾಕಿಕೊಂಡು. ಅದರ ಮರುದಿನವೂ ಬಂದ. ಹೊಳೆನರಸೀಪುರದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನು ದಿನಾ ಮಧ್ಯಾಹ್ನವೇ ಬಾಗಿಲು ಹಾಕಿ ಬರುತ್ತಿದ್ದ.

"ನಿಮ್ಮಂಗಡಿಗೆ ಗಿರಾಕಿ ಇಲ್ವಾ?" ಎಂದು ಅವಳು ಕೇಳಿದರೆ, "ಇದಾರೆ. ಬೈಕೊಂಡು ಕೂತಿದಾರೆ," ಎನ್ನುತ್ತಿದ್ದ.

ಬಾಗೂರು ಕಡೆಯ ಹೊಲಗಳಿಂದ ಗುಂಡುಕಲ್ಲು ಬಂದವು. ಆಳೆತ್ತರದ ದಿಬ್ಬ ಎದ್ದಿತು. ದಿಬ್ಬದಿಂದ ಕೊಳದವರೆಗೆ ಮೂರು ತಿರುವಿನ ಸಣ್ಣ ತೊರೆ ಮೂಡಿತು. ಆತ ಪಂಪಿನ ವಾಲ್ವು ತಿರುವಿದರೆ ಅವಳು ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದಳು.

"ಜಾಸ್ತಿ ಆಯ್ತು. ಇದು ನಲ್ಲಿ ಸದ್ದು... ಇನ್ನೂ ಕಮ್ಮಿ... ಆಂ, ನಿಲ್ಸಿ! ಇದು ನೀರು."

ಒಂದು ದಿನ ಅವಳು ಊಟ ಮುಗಿಸಿ ಬಂದಾಗ ಬಿಸಿಲಿಗೆ ಕಾದ ಕಲ್ಲುಗಳ ಮೇಲೆಲ್ಲ ಒದ್ದೆ ಗೋಣಿಚೀಲ ಹೊದೆಸಿತ್ತು. ಯಾರು ಹೊದೆಸಿದರೆಂದು ಯಾರೂ ಹೇಳಲಿಲ್ಲ. ಆದರೆ ರಜನೀಶನ ಎರಡೂ ಅಂಗೈ ಕೆಂಪಾಗಿದ್ದವು. 'ನನ್ನ ಕೈ ಸುಡಬಾರದು ಅಂತ...' ಅಂದು ಸಂಜೆ ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತವಳು ಅರಕಲಗೂಡು ಬಂದದ್ದನ್ನೇ ಗಮನಿಸಲಿಲ್ಲ.

ಕೊಳ ಮುಗಿಯಿತು. ಅದರಲ್ಲಿ ನೀರು ತುಂಬಿಸಿ, ಸಗಣಿ ಕದಡಿ, ಬಾಳೆದಿಂಡು ಕತ್ತರಿಸಿ ಹಾಕಿದಳು. ಎಲ್ಲರನ್ನೂ ಕರೆದು ಬಿಡಿಸಿ ಹೇಳಿದಳು. "ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಡ್ತಾ ಇರುತ್ತೆ. ಈ ನೀರು ಇಪ್ಪತ್ತೊಂದು ದಿನ ಹೀಗೇ ನಿಂತು ಅದನ್ನ ಎಳ್ಕೋಬೇಕು. ಆಮೇಲೆ ನಾನೇ ಬಂದು ತೊಳೀತೀನಿ. ಅಲ್ಲೀವರೆಗೂ ಒಂದೂ ಮೀನು ಬಿಡಬೇಡಿ. ಕಿವಿರು ಸುಟ್ಟು ಸಾಯ್ತವೆ."

ಮಂಜುನಾಥ ಮೂಗು ಮುಚ್ಚಿಕೊಂಡು ಒಳಗೆ ಹೋದ. ಹತ್ತನೇ ದಿನಕ್ಕೆ ತಾಯಿಯ ಎಪ್ಪತ್ತರ ಊಟವಿತ್ತು.

ನೀಲಾಂಬಿಕೆಯವರು ಶಿವಯ್ಯನನ್ನೂ ಸಂಘಮಿತ್ರಾಳನ್ನೂ ತಾವೇ ಊಟಕ್ಕೆ ಕರೆದಿದ್ದರು. ಅಪ್ಪ-ಮಗಳು ಬಂದಾಗ ಮಧ್ಯಾಹ್ನ ಒಂದು ಗಂಟೆ. ಹಿತ್ತಿಲ ತುಂಬ ನೆಂಟರು. ಎಲ್ಲರೂ ಕೊಳದ ಸುತ್ತ ಮುತ್ತಿದ್ದರು.

ಅವಳು ಜನರನ್ನು ಸರಿಸಿಕೊಂಡು ಮುಂದೆ ಹೋದಳು.

ಕೊಳದ ನೀರು ತಿಳಿಯಾಗಿತ್ತು. ಬಾಳೆದಿಂಡಿಲ್ಲ, ಸಗಣಿಯಿಲ್ಲ. ಆ ತಿಳಿನೀರಿನ ಮೇಲೆ ಬಣ್ಣದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಂಪು, ಬಿಳಿ, ಹಳದಿ... ಒಂದು ಮಾತ್ರ ದಂಡೆಗೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಅವಳು ನೋಡುತ್ತಿದ್ದಂತೆ ಅದೂ ಹೊರಳಿತು.

"ಬಂದ್ಯಾ?" ಮಂಜುನಾಥ ಎದುರು ಬಂದು ನಿಂತ. ಮುಖ ಉರಿಯುತ್ತಿತ್ತು. "ಹಾಸನದಿಂದ ಮೀನು ತರಿಸಿ ಬೆಳಿಗ್ಗೆ ಬಿಟ್ಟಿದೀನಿ ಕಣೇ! ನಮ್ಮಮ್ಮನ ಹುಟ್ಟಿದ ದಿನ ಎಲ್ಲರೆದುರು ಹೆಣ ತೇಲಿಸಿಬಿಟ್ಟೆಯಲ್ಲ! ಸಿಮೆಂಟಿಗೆ ಏನ್ ವಿಷ ಕಲಸಿದ್ದೆ?"

"ನೀರು ಖಾಲಿ ಮಾಡಿದ್ದು ಯಾರು? ಮೊದಲು ಅದನ್ನ ಹೇಳಿ!"

"ಮಾತು ನೋಡು! ನಿಮ್ಮಂಥೋರನ್ನ ಹಿತ್ತಿಲಿಗೆ ಬಿಟ್ಟಿದ್ದೇ ತಪ್ಪು!"

"ಬುದ್ಧಿ, ಒಸಿ ಕೇಳಿ..." ಶಿವಯ್ಯ ಕೈ ಮುಗಿದು ನಡುವೆ ಬಂದ. "ಅದು ಸುಣ್ಣ ಬುಡ್ತದೆ ಅಂತ ನಮ್ಮುಡ್ಗಿ ಅವತ್ತೇ..."

ಮಂಜುನಾಥನ ಕೈಗೆ ಪಂಪಿನ ಕಬ್ಬಿಣದ ಪೈಪಿನ ತುಂಡು ಸಿಕ್ಕಿತ್ತು. ಮುಗಿದ ಕೈ ಮುಗಿದಂತೆಯೇ ಇರುವಾಗ ಅದು ಶಿವಯ್ಯನ ಭುಜದ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಹಿತ್ತಿಲಿಗೆಲ್ಲ ಕೇಳಿಸಿತು. ಎರಡನೇ ಏಟಿಗೆ ಮುದುಕ ಕೊಳದ ದಂಡೆಯ ಮೇಲೆ ಕುಸಿದ. ತುಟಿ ಒಡೆದು ಕಲ್ಲೆಲ್ಲ ರಕ್ತವಾಯಿತು.

ನಲವತ್ತು ಜನರಲ್ಲಿ ಒಬ್ಬರೂ ಅಲುಗಲಿಲ್ಲ.

ಸಂಘಮಿತ್ರಾಳಿಗೆ ಮುಂದಿನದು ಕಾಣಲಿಲ್ಲ. ಕಲ್ಲಿಗೆ ಒರಗಿಸಿದ್ದ ಹಾರೆ ಅವಳ ಕೈಯಲ್ಲಿತ್ತು. ಎದುರಿಗೆ ಮಂಜುನಾಥನ ತಲೆಯಿತ್ತು. ಹಲ್ಲು ಕಚ್ಚಿ ಹಾರೆ ಬೀಸಿದಳು...

"ಬೇಡ!"

ನಡುವೆ ಒಂದು ಕೈ ಬಂತು. ಹಾರೆ ಆ ಕೈಗೆ ಬಡಿಯಿತು.

ರಜನೀಶ್! ಮೊಣಕೈ ಕೆಳಗೆ ತೋಳು ಸೊಟ್ಟಗಾಗಿ ಜೋತುಬಿತ್ತು. ಆತ ಮಂಡಿಯೂರಿ ಕುಸಿದ. ಆದರೂ ಅಣ್ಣನಿಗೆ ಅಡ್ಡವಾಗಿಯೇ ಇದ್ದ.

ಅಣ್ಣನಿಗೆ ಅಡ್ಡವಾಗಿ! ಅಪ್ಪನ ಮೇಲೆ ಎರಡು ಏಟು ಬೀಳುವಾಗ ಎಲ್ಲಿತ್ತು ಆ ಕೈ?

"ನಿಮ್ಮಣ್ಣನಿಗೆ ಬೀಳೋ ಹೊತ್ತಿಗೆ ಸರಿಯಾಗಿ ಬಂದ್ರಿ, ಅಲ್ವಾ?" ಅವಳು ಹಾರೆ ಎಸೆದಳು. "ಥೂ! ನಿಮ್ಮ ನಗು ನಂಬಿದ್ದೆನಲ್ಲ ನಾನು!"

ಆತ ಏನೋ ಹೇಳಲು ಬಾಯಿ ತೆರೆದ. ನೋವಿನ ಚೀತ್ಕಾರ ಮಾತ್ರ ಹೊರಬಂತು. ಮಂಜುನಾಥ ಹುಚ್ಚು ಹಿಡಿದವನಂತೆ ದಿಬ್ಬದ ಕಲ್ಲುಗಳನ್ನು ಒದ್ದು ಒದ್ದು ಉರುಳಿಸುತ್ತಿದ್ದ. ದಿಬ್ಬವೂ ತೊರೆಯೂ ಕುಸಿದವು. ಪೈಪು ಕಿತ್ತು ನೀರು ಹಿತ್ತಿಲೆಲ್ಲ ಹರಿಯಿತು. ಅವಳು ಅಪ್ಪನನ್ನು ಹೆಗಲಿಗೆ ಆನಿಸಿಕೊಂಡು ಆ ಕೆಸರಲ್ಲೇ ನಡೆದುಹೋದಳು.

ಹಾಸನದ ಆಸ್ಪತ್ರೆಯಲ್ಲಿ ಶಿವಯ್ಯನ ಭುಜಕ್ಕೆ ಕಟ್ಟು ಹಾಕಿದರು. ಸಂಘಮಿತ್ರಾ ನೇರ ಠಾಣೆಗೆ ಹೋಗಿ ದೂರು ಬರೆದುಕೊಟ್ಟಳು. ಅವಳಿಗೆ ಬೇಕಿದ್ದದ್ದು ಒಂದೇ. ಕೈಮುಗಿದ ತನ್ನ ಅಪ್ಪನನ್ನು ಹೊಡೆದರು ಎಂಬ ಸತ್ಯವನ್ನು ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಬೇಕು.

"ನಲವತ್ತು ಜನ ಇದ್ರು ಅಂತೀರಮ್ಮ," ಎಂದರು ಠಾಣೆಯವರು. "ಕೇಳಿದ್ರೆ, ಮುದುಕ ಒದ್ದೆ ಕಲ್ಲಲ್ಲಿ ಜಾರಿಬಿದ್ದ ಅಂತಾರೆ. ಒಬ್ಬ ಸಾಕ್ಷಿ ಕರ್ಕೊಂಡು ಬನ್ನಿ."

ಒಬ್ಬ ಸಾಕ್ಷಿ! ರಜನೀಶನ ಹೆಸರು ಅವಳ ನಾಲಿಗೆಯ ತುದಿಗೂ ಬರಲಿಲ್ಲ. ಆತನ ಫೋನು ಬಂದಾಗಲೆಲ್ಲ ಕತ್ತರಿಸಿದಳು. ಕೊನೆಗೆ ನಂಬರನ್ನೇ ಬ್ಲಾಕ್ ಮಾಡಿದಳು.

ಮನೆಯಲ್ಲಿ, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಒರಗಿ ಕೂತ ಶಿವಯ್ಯ ಒಂದೇ ಮಾತು ಹೇಳುತ್ತಿದ್ದ. "ನಂಗೆ ಒಡೆದ್ನಲ್ಲ, ಅದು ವಾಸಿಯಾಯ್ತದೆ ಕಣವ್ವ. ನೀನು ಆರೆ ಎತ್ತಿದ್ದೆಯಲ್ಲ... ಅದು ಅವುನ್ ತಲೆಗೆ ಬಿದ್ದಿದ್ರೆ? ನಾನು ಮಗಳ್ನ ಎಲ್ಲಿ ಉಡುಕ್ಕೊಂಡು ಓಗ್ಲಿ?"

ಅವಳು ಅಪ್ಪನ ಕಟ್ಟು ಸರಿಮಾಡಿ ಎದ್ದುಹೋದಳು. ಆದರೆ ಆ ಮಾತು ಅವಳನ್ನು ಬಿಡಲಿಲ್ಲ.

ಹನ್ನೆರಡನೇ ದಿನ ಅರಕಲಗೂಡಿನ ಅವರ ಬೀದಿಗೆ ಕಾರೊಂದು ಬಂತು. ಇಳಿದವರು ನೀಲಾಂಬಿಕೆ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಗೋಡೆ ಹಿಡಿದು ಹಿಡಿದು ಮೂರು ಮೆಟ್ಟಿಲು ಹತ್ತಿದರು.

ಸಂಘಮಿತ್ರಾ ಬಾಗಿಲಿಗೆ ಅಡ್ಡ ನಿಂತಳು. "ಇನ್ನೇನು ಮುರಿಯೋದಿದೆ ಅಂತ ಬಂದ್ರಿ?"

"ಸರಿಯಾಗಿ ಕೇಳ್ದೆ ಮಗಾ."

"ಒಳೀಕ್ ಬುಡವ್ವ," ಎಂದ ಶಿವಯ್ಯ. ಒಂದೇ ಕೈಯಿಂದ ಕುರ್ಚಿ ಎಳೆದ. ತಾನು ಒರಗಿದ್ದ ದಿಂಬು ತೆಗೆದು ಆ ತಾಯಿಯ ಮಂಡಿಯ ಕೆಳಗಿಟ್ಟ. ನೀಲಾಂಬಿಕೆಯವರ ಕಣ್ಣಿನಿಂದ ನೀರು ದಳದಳ ಇಳಿಯಿತು.

"ನೀರು ಖಾಲಿ ಮಾಡಿದ್ದು ನಾನೇ ಶಿವಯ್ಯ. ಊಟದ ಹಿಂದಿನ ದಿನ ವಾಲ್ವು ತಿರುವಿ, ದಿಂಡು ತೆಗೆಸಿ, ಹೊಸ ನೀರು ತುಂಬಿಸಿದೆ. ಸಗಣಿ ನೀರು ನೋಡಿ ನೆಂಟರೆಲ್ಲ ನಿನ್ನ ಮಗಳನ್ನ ಆಡ್ಕೋತಾರೆ, ಅಷ್ಟು ಚೆಂದ ಕಟ್ಟಿದ ಹುಡುಗಿಗೆ ಒಂದ್ ಹೊಗಳಿಕೆ ಸಿಗಲಿ ಅಂತ... ತಿಳಿನೀರು ನೋಡಿ ಮಂಜು ಮೀನು ತರಿಸಿದ. ಸುಣ್ಣದ ಮಾತು ನಂಗೆ ಮರೆತೇಹೋಗಿತ್ತು. ಅವತ್ತು ಹೇಳೋಣ ಅಂತ ಬಾಯಿ ತೆಗೆಯೋದ್ರೊಳಗೆ ಆ ಏಟು ಬಿತ್ತು. ಆಮೇಲೆ ನಾಲಿಗೆ ಬಿದ್ದೇಹೋಯ್ತು. ಹನ್ನೆರಡು ದಿನ ಸುಮ್ಮನಿದ್ದೆ. ಆ ಏಟಿಗಿಂತ ಅದೇ ದೊಡ್ಡ ತಪ್ಪು."

ಸಂಘಮಿತ್ರಾ ಅಲ್ಲೇ ನೆಲದ ಮೇಲೆ ಕೂತಳು.

"ಇನ್ನೊಂದು ಮಾತು ಮಗಾ. ನಿನ್ನೆ ರಜನೀಶ ಠಾಣೆಗೆ ಹೋಗಿದ್ದ. ಬಲಗೈಗೆ ಪ್ಲಾಸ್ಟರ್ ಅಲ್ವಾ... ಎಡಗೈಲಿ ಬರೆದಿದಾನೆ, ಮೂರು ಹಾಳೆ. 'ಶಿವಯ್ಯನವರು ಕೈ ಮುಗಿದು ನಿಂತಿದ್ದರು. ನಮ್ಮಣ್ಣ ಮಂಜುನಾಥನೇ ಹೊಡೆದದ್ದು. ಎರಡು ಏಟು. ಆಗ ತಾನೇ ಅಂಗಡಿಯಿಂದ ಬಂದಿದ್ದೆ, ನಾನು ಹಿತ್ತಿಲ ಬಾಗಿಲಿಂದ ಓಡಿ ಬರೋದ್ರೊಳಗೆ ಬಿದ್ದುಹೋಯಿತು' ಅಂತ. ಕೇಸಾಯ್ತು. ಮಂಜು ಅವನ ಬಟ್ಟೆಬರೆ ಬೀದಿಗೆ ಎಸೆದ, ಪ್ಲಾಸ್ಟರ್ ಹಾಕಿದ ಕೈ ಅಂತಲೂ ನೋಡದೆ ಹೊಡೆದ. ಇವನು ತಿರುಗಿ ಒಂದೇಟೂ ಹಾಕಲಿಲ್ಲ. ಇವತ್ತು ನಾನೂ ಬರೆದುಕೊಟ್ಟೇ ಬಂದೆ."

ಹಿತ್ತಿಲ ಬಾಗಿಲಿಂದ ಓಡಿ ಬರುವುದರೊಳಗೆ... ಹಾಗಾದರೆ ಆತ ಹತ್ತಿರ ಇರಲೇ ಇಲ್ಲ!

ಅವಳು ಎದ್ದು ಚಪ್ಪಲಿ ಮೆಟ್ಟಿದಳು.

"ಎಲ್ಲಿಗವ್ವ?" ಎಂದ ಶಿವಯ್ಯ, ಗೊತ್ತಿದ್ದೂ.

"ಹೊಳೆನರಸೀಪುರಕ್ಕೆ."

ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಮೂಲೆಯಲ್ಲಿ ಬಟ್ಟೆಯ ಗಂಟು, ಒಂದು ಚಾಪೆ. ರಜನೀಶ್ ನೆಲದ ಮೇಲೆ ಕೂತು, ಮೋಟಾರನ್ನು ಮೊಣಕಾಲ ನಡುವೆ ಇರುಕಿಕೊಂಡು ಎಡಗೈಯಿಂದ ತಾಮ್ರದ ತಂತಿ ಸುತ್ತಲು ಒದ್ದಾಡುತ್ತಿದ್ದ. ಕೆನ್ನೆ ಊದಿಕೊಂಡಿತ್ತು. ತಂತಿ ಪ್ರತಿ ಸಲವೂ ಬಿಚ್ಚಿಕೊಳ್ಳುತ್ತಿತ್ತು.

ಅವಳು ಎದುರು ಕೂತು ತಂತಿಯ ಇನ್ನೊಂದು ತುದಿ ಹಿಡಿದಳು.

ಆತ ತಲೆ ಎತ್ತಿದ. ಈ ಸಲ ನಗಲಿಲ್ಲ.

"ಅಪ್ಪ ಹೇಗಿದಾರೆ?"

"ತಾವೇ ಅನ್ನ ಕಲಸ್ಕೊಳ್ಳೋಕೆ ಶುರುಮಾಡಿದಾರೆ." ಅವಳು ತಂತಿಯನ್ನು ಬಿಗಿಯಾಗಿ ಎಳೆದು ಹಿಡಿದಳು. "ಯಾಕೆ ಅಡ್ಡ ಬಂದ್ರಿ ಅವತ್ತು?"

"ಹಾರೆ ಅವನ ತಲೆಗೆ ಬೀಳ್ತಿತ್ತು. ಅವನು ಸಾಯ್ತಿದ್ದ. ನಿಮ್ಮನ್ನ ಜೈಲಿಗೆ ಹಾಕ್ತಿದ್ರು." ಆತ ನೆಲ ನೋಡಿದ. "ಸತ್ಯ ಹೇಳಬೇಕಂದ್ರೆ, ಅವನು ಸಾಯೋದು ಆಗ ತಲೆಗೆ ಬರಲೇ ಇಲ್ಲ. ನೀವು ಜೈಲಲ್ಲಿ ಇರೋದು ಮಾತ್ರ ಕಾಣಿಸ್ತು."

"ಒಂದು ಮಾತು ಹೇಳಬಾರದಿತ್ತಾ?"

"ಹೇಳೋಣ ಅಂತಲೇ ಬಾಯಿ ತೆಗೆದೆ. ಕೈ ನೋವಿಗೆ ಕಿರುಚಿಬಿಟ್ಟೆ. ಆಮೇಲೆ ನೀವು ಫೋನ್ ಎತ್ತಲಿಲ್ಲ. ಆಸ್ಪತ್ರೆಯಿಂದ ಬಿಟ್ಟಮೇಲೆ ಒಂದು ವಾರ ಎಡಗೈಲಿ ಬರೆಯೋದು ಕಲಿತೆ. ಬೇರೆಯವರ ಕೈಲಿ ಬರೆಸಿದ್ರೆ ನಾಳೆ ನಾನು ಹೇಳಿಲ್ಲ ಅಂತಾರೆ, ಅದಕ್ಕೆ."

ಅವಳು ತಂತಿ ಹಿಡಿಯದ ಕೈ ಚಾಚಿದಳು. ಪ್ಲಾಸ್ಟರಿನಿಂದ ಹೊರಗೆ ಇಣುಕಿದ ಊದಿದ ಬೆರಳ ತುದಿಗಳನ್ನು ಮೆಲ್ಲಗೆ ಮುಟ್ಟಿದಳು. ಇದನ್ನು ಮುರಿದದ್ದು ತನ್ನದೇ ಕೈ...

"ನಿಮ್ಮನ್ನ ಒಂದ್ಸಲ ಕೊಳಕ್ಕೆ ನೂಕಿದೆ. ಒಂದ್ಸಲ ಕೈ ಮುರಿದೆ. ಥೂ ಅಂದೆ. ಇಷ್ಟಾದ ಮೇಲೂ ನಿಮಗೆ..."

"ಇಷ್ಟಾದ ಮೇಲೂ ನಂಗೆ ನೀವೇ ಬೇಕು, ಸಂಘಮಿತ್ರಾ."

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಅವಳು ಅಳುತ್ತಿದ್ದಳು. ತಂತಿಯನ್ನು ಮಾತ್ರ ಬಿಟ್ಟಿರಲಿಲ್ಲ.

"ಅರಕಲಗೂಡಿಗೆ ಬರ್ತೀನಿ," ಎಂದ ಆತ. "ನಮ್ಮನೇಲಿ ನಿಮ್ಮಪ್ಪ ತಿಂದ ಏಟಿಗೆ ಮೊದಲು ಕ್ಷಮೆ ಕೇಳ್ತೀನಿ. ಆಮೇಲೆ ನಿಮ್ಮನ್ನ ಕೇಳ್ತೀನಿ. ನಿಮ್ಮಪ್ಪ ಹೊಡೆದ್ರೆ ಹೊಡೀಲಿ. ಇನ್ನೊಂದು ಕೈ ಇದೆಯಲ್ಲ."

"ಅಪ್ಪ ಹೊಡೆಯೋರಲ್ಲ." ಅವಳು ಅಳುವಿನ ನಡುವೆಯೇ ನಕ್ಕಳು. "ನಮ್ಮನೇಲಿ ಹೊಡೆಯೋಳು ನಾನೊಬ್ಬಳೇ. ಅದನ್ನೂ ಬಿಡ್ತೀನಿ."

"ಪೂರಾ?"

"ಪ್ರಯತ್ನ ಮಾಡ್ತೀನಿ. ಆದ್ರೆ ನೀನೊಂದು ಮಾತು ಕೊಡಬೇಕು."

'ನೀನು' ಎಂದದ್ದು ಅವಳಿಗೇ ಗೊತ್ತಾಗಲಿಲ್ಲ. ಆತನಿಗೆ ಗೊತ್ತಾಯಿತು.

"ಏನು?"

"ಇನ್ಮೇಲೆ ಯಾವತ್ತೂ ನನಗೆ ಅಡ್ಡ ಬಂದು ನಿಲ್ಲಬೇಡ. ಪಕ್ಕದಲ್ಲಿ ನಿಲ್ಲು."

ರಜನೀಶ್ ಕೂತಲ್ಲಿಂದಲೇ ಸರಿದು ಬಂದು ಅವಳ ಪಕ್ಕಕ್ಕೆ ಕೂತ.